ಹದಿನೇಳನೆಯ ನಂಬರಿನ ಸ್ಪ್ರಿಂಗು

ಢಂ, ಆಮೇಲೆ ಕಟಕ್, ಆ ಕಟಕ್ ಎಷ್ಟು ತಡವಾಗಿ ಬಂತಲ್ಲ, ಉಳಿದವರಿಗೆ ಕೇಳಿಸಿರಲಿಕ್ಕಿಲ್ಲ, ಕೋಮಲಳಿಗೆ ಕೇಳಿಸಿತು, ಕೇಳಿಸದೆ ಏನು ಮಾಡೀತು, ಕಳ್ಳನ ಮನಸ್ಸು ಹುಳ್ಳುಳ್ಳಗೆ — ಬಲಕ್ಕೆ ಎರಡು ಮಾರು ದೂರದಲ್ಲಿ ನೀಲಮ ಹೊಟ್ಟೆಯ ಮೇಲೆ ಮಲಗಿ ತನ್ನ ಮೂರನೆಯ ಗುಂಡು ಹಾರಿಸಿದ್ದಾಳೆ, ಇನ್ನು ಏಳು, ಹತ್ತು ಗುಂಡಿಗೆ ಎರಡೇ ನಿಮಿಷ, ರಾಯಬಾಗದಾಚೆಯ ಈ ಗುಡ್ಡದ ಬುಡದಲ್ಲಿ ಬಿಸಿಲು ಇನ್ನೂ ಏರಿಲ್ಲ, ಆದರೂ ಹಿಡಿಕೆ ಬೆವರಿಗೆ ಜಾರುತ್ತಿದೆ. ಪೊಲೀಸ್ ತುಕಡಿಯಿಂದ ರಾಜ್ಯದ ಸ್ಪರ್ಧೆಗೆ ಹೋಗುವವಳು ಒಬ್ಬಳೇ, ಹೋದ ಎರಡು ವರ್ಷವೂ ನೀಲಮ, ಎರಡು ವರ್ಷವೂ ಕೋಮಲ ಎರಡನೆಯವಳು, ಒಂದು ಸಲವಂತೂ ಒಂದೇ ಅಂಕದಿಂದ, ಮುಂದಿನ ವರ್ಷಕ್ಕೆ ವಯಸ್ಸಿನ ಮಿತಿ ದಾಟುತ್ತದೆ, ಇವತ್ತಿಲ್ಲದಿದ್ದರೆ ಇಲ್ಲವೇ ಇಲ್ಲ. ಊರಲ್ಲಿ, ಸತ್ತಿಯಲ್ಲಿ, ಅವ್ವ ದುಂಡವ್ವ ಆಡು ಹೊಡೆದುಕೊಂಡು ಹೊಳೆದಂಡೆಗೆ ಹೋಗುತ್ತ ಎದುರಾದವರಿಗೆಲ್ಲ ಹೇಳಿಟ್ಟಿದ್ದಾಳೆ, ಈ ಸಲ ನಮ್ಮ ಕೋಮಲಾನs ಹೋಗಾಕಿ ನೋಡ್ರಿ, ಅವ್ವನಿಗೇನು ಗೊತ್ತು, ಮಗಳು ಹೋಗುವ ದಾರಿ ಯಾವುದೆಂದು. ಉಸಿರು ಹಿಡಿ, ಒತ್ತು. ಢಂ-ಕಟಕ್, ಹೊಸ ಸ್ಪ್ರಿಂಗು ಬೋಲ್ಟನ್ನು ಮುಂದಕ್ಕೆ ಹೇಗೆ ಅಪ್ಪಳಿಸುತ್ತದೆಯೆಂದರೆ ನಳಿಗೆಯ ಮೂತಿ ತಲೆ ತಗ್ಗಿಸಿ ಮತ್ತೆ ಎತ್ತುತ್ತದೆ, ಗುರಿಹಲಗೆಯ ಕೆಳಗೆ ಮಣ್ಣು ಹಾರಿತು, ಹಲಗೆಗೆ ತಾಗಲೇ ಇಲ್ಲ, ಹಾಳಾದ್ದು. ನೀಲಮ ಆ ಕಡೆ ಕೈ ಎತ್ತಿದಳೇ? ಇಲ್ಲ, ಎತ್ತಿಲ್ಲ, ಕಣ್ಣಂಚಿಗೆ ಹಾಗೆ ಕಂಡಿತಷ್ಟೆ. ಬಂದೂಕು ಸಿಕ್ಕಿಕೊಂಡರೆ ಎಡಗೈ ಎತ್ತಬೇಕು, ನಿನ್ನೆ ಸಂಜೆಯಿಂದ ಕೋಮಲ ಆ ಎತ್ತಿದ ಕೈಯನ್ನು ನೂರು ಸಲ ನೋಡಿದ್ದಾಳೆ.

ನಿನ್ನೆ ಶಸ್ತ್ರಾಗಾರದಲ್ಲಿ ಬಂದೂಕಿನೆಣ್ಣೆಯ ವಾಸನೆ, ಹೆಡ್ ಕಾನ್‌ಸ್ಟೇಬಲ್ ಅಣ್ಣಾಸಾಬನ ಉದ್ದನೆಯ ಮೇಜು. ಅವನ ರೀತಿಯೇ ಹಾಗೆ, ಬಿಚ್ಚಿದ ಸ್ಪ್ರಿಂಗುಗಳನ್ನು ಹೊಸದರ ಪಕ್ಕ ಹಳೆಯದು ಎಂದು ಸಾಲಾಗಿ ನಿಲ್ಲಿಸಿ, ಕನ್ಯೆ ನೋಡಲು ಬಂದ ಸೋದರಮಾವನ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಾನೆ, ಬೋಲ್ಟ್ ಹಿಂದಕ್ಕ ಬಡೀತೈತಿ ಬೇ, ಭುಜಕ್ಕ ಹಚ್ಚೂ ಬಟ್ಟಿನೊಳಗಿನ ಸ್ಪ್ರಿಂಗ್ ಅದನ್ನ ತಡದು ಮುಂದಕ್ಕ ನೂಕಬೇಕು, ನೂಕಿದ್ರ ಮುಂದಿನ ಗುಂಡು, ನೂಕ್ಲಿಲ್ಲಂದ್ರ ಅದು ಬಂದೂಕಲ್ಲ, ಬಡಿಗಿ. ಇಪ್ಪತ್ತಮೂರನೆಯ ನಂಬರು ಕೋಮಲಳದು, ಅದರ ಸ್ಪ್ರಿಂಗು ಹೊಸದಕ್ಕಿಂತ ಅರ್ಧ ಬೆರಳು ಗಿಡ್ಡ, ಸುಸ್ತಾದ ಸ್ಪ್ರಿಂಗು, ಇನ್ನೊಂದ್ ತಿಂಗಳು ನಡೀತೈತಿ ಅಂದ ಅಣ್ಣಾಸಾಬ, ಹೊಸಾವು ಮುಗದಾವು, ಕಡೀದು ನೀಲಮನ ಹದಿನೇಳಕ್ಕ ಹಾಕೇನಿ. ಎಲ್ಲ ಅವಳಿಗೇ, ಹೊಸ ಸ್ಪ್ರಿಂಗೂ ಅವಳಿಗೇ. ಮತ್ತೆ ಅವಳೇ ಬಂದು ಕೊರಳು ಕೊಟ್ಟಳಲ್ಲ, ಕಾಗವಾಡದ ಮನೆಯಲ್ಲಿ ಎಮ್ಮೆಗೆ ಮೇವು ಕೊಯ್ಯುವಾಗ ಎಡಗೈ ಹೆಬ್ಬೆರಳಿಗೆ ಕುಡುಗೋಲು ತಾಗಿ ಬಿಳಿ ಅರಿವೆ ಸುತ್ತಿಕೊಂಡಿದ್ದಳು, ಅಗಂ ಕೋಮಲ, ನಂದೂ ಒಂಚೂರು ಸಾಫ್ ಮಾಡ್ತೀ ಏನ, ಬೆರಳು ಮಡಚಾಕ ಬರವಲ್ದು. ತಮ್ಮ ತಮ್ಮ ಬಂದೂಕು ತಾವೇ ಸ್ವಚ್ಛ ಮಾಡಬೇಕು, ಅದು ನಿಯಮ, ಆದರೆ ಇಬ್ಬರೂ ಒಂದೇ ಡಬ್ಬಿಯ ಖಾರಬ್ಯಾಳಿ, ರೊಟ್ಟಿ ಉಂಡವರು, ಕೊಡು ಇತ್ತ ಅಂದಳು ಕೋಮಲ. ಎರಡನ್ನೂ ಬಿಚ್ಚಿ, ಎರಡೂ ಸ್ಪ್ರಿಂಗು ಮೇಜಿನ ಮೇಲೆ ನಿಂತಾಗ ಅಣ್ಣಾಸಾಬ ಚಹಾಕ್ಕೆ ಹೋಗಿದ್ದ. ಕೈ ಮಾಡಿತು ಅನ್ನುವುದು ಸುಳ್ಳು, ತಾನೇ ಮಾಡಿದ್ದು, ಉದ್ದನೆಯದು ಇಪ್ಪತ್ತಮೂರಕ್ಕೆ, ಗಿಡ್ಡನೆಯದು ಹದಿನೇಳಕ್ಕೆ, ಬಟ್ಟಿನ ಮುಚ್ಚಳ ಬಿಗಿದ ಮೇಲೆ ಯಾರಿಗೂ ಏನೂ ಕಾಣುವುದಿಲ್ಲ.

ಐದು. ಆರು. ಇದೂ ಕೆಳಗೇ ಹೋಯಿತು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ಪ್ರತಿ ಗುಂಡಿಗೂ ಭುಜ ಮೊದಲೇ ಬೆದರುತ್ತಿದೆ. ಎರಡು ವರ್ಷ ಆ ಸುಸ್ತಾದ ಸ್ಪ್ರಿಂಗಿನ ಜೊತೆಗೇ ಭುಜ ಸಂಸಾರ ಮಾಡಿತ್ತು, ಅದರ ನಿಧಾನ, ಅದರ ಮೆತ್ತನೆಯ ಮರಳುವಿಕೆ ಮೈಗೆ ಗೊತ್ತಿತ್ತು, ಹೊಸದು ಒಳ್ಳೆಯದೇ, ಆದರೆ ಕೋಮಲಳಿಗೆ ಒಳ್ಳೆಯದಲ್ಲ, ಇಷ್ಟು ಬುದ್ಧಿ ನಿನ್ನೆ ಎಲ್ಲಿ ಮೇಯಲು ಹೋಗಿತ್ತೋ. ಆ ಕಡೆ ನೀಲಮನ ಗುಂಡು ಒಂದೊಂದೂ ನಡುವಿಗೆ ಬೀಳುತ್ತಿದೆ, ಮಣ್ಣು ಹಾರುವುದೇ ಕಾಣುವುದಿಲ್ಲ. ಈಗ ಸಿಕ್ಕಿಕೊಳ್ಳಲಿ — ಛೇ, ಬೇಡ — ಸಿಕ್ಕಿಕೊಳ್ಳಲಿ, ಒಂದೇ ಒಂದು ಸಲ, ಅವಳು ಹೋದ ವರ್ಷವೂ ಹೋಗಿದ್ದಾಳಲ್ಲ — ಢಂ. ಕಟಕ್ ಬರಲಿಲ್ಲ. ಕೋಮಲ ಕಾಯುತ್ತಾಳೆ, ಬರಲಿಲ್ಲ, ತಿರುಗಿದರೆ ಖಾಲಿ ಕಾಡತೂಸು ಬೋಲ್ಟಿನ ಬಾಯಲ್ಲಿ ನೆಟ್ಟಗೆ ಸಿಕ್ಕು ನಿಂತಿದೆ, ಮತ್ತು ಕೈ, ನೀಲಮನ ಎಡಗೈ ಮೇಲೆ, ಹೆಬ್ಬೆರಳಿನ ಬಿಳಿ ಅರಿವೆಯ ಸಮೇತ. ಅಣ್ಣಾಸಾಬ ಹಿಂದಿನಿಂದ ಬಂದು ಕುಕ್ಕರುಗಾಲಿನಲ್ಲಿ ಕೂತ, ಬೂಟಿನ ಕೆಳಗೆ ಜಲ್ಲಿ ಸದ್ದಾಯಿತು. ಬಂದೂಕಿನ ದೋಷವಾದರೆ ಬೇರೆ ಬಂದೂಕು ಕೊಡುತ್ತಾರೆ, ಹತ್ತೂ ಮತ್ತೆ ಹೊಡೆಯಬಹುದು, ಹೊಡೆದವಳೇ ಒಳಗೆ ಹೊಲಸು ಉಳಿಸಿದ್ದಾದರೆ ಉಳಿದ ಗುಂಡಿಗೆಲ್ಲ ಸೊನ್ನೆ, ಒಂದೇ ಮಾತು ಸಾಕು, ಸ್ಪ್ರಿಂಗ್ ನೋಡ್ರಿ, ಅಷ್ಟೆ. ಯಾರು ಸಾಫ್ ಮಾಡಿದ್ರು ಇದನ್ನ? ಅಣ್ಣಾಸಾಬನ ದನಿಯಲ್ಲಿ ಸಿಟ್ಟಿಲ್ಲ, ಬರೀ ಕೇಳುತ್ತಿದ್ದಾನೆ. ನೀಲಮ ಈ ಕಡೆ ನೋಡಿದಳು, ಒಂದು ಕ್ಷಣ, ಹೆದರಬ್ಯಾಡ ಅನ್ನುವ ಹಾಗೆ ನೋಡಿದಳು, ಬೇರೆಯವರ ಬಂದೂಕು ಮುಟ್ಟಿದ್ದಕ್ಕೆ ಕೋಮಲಳಿಗೆ ಶಿಕ್ಷೆಯಾದೀತು ಅಂತ ಅವಳ ಚಿಂತೆ, ಆಮೇಲೆ ಅವನಿಗೆ ಹೇಳಿದಳು, ನಾನs ಮಾಡೇನ್ರಿ, ಬೆರಳು ಸರಿ ಇರ್ಲಿಲ್ಲ, ಹೊಲಸು ಉಳದಿರಬೇಕು. ಅಲ್ಲ. ಅಲ್ಲ ಅನ್ನು ಕೋಮಲ, ಬಾಯಿ ತೆರೆ. ಆತು, ಕೈ ಇಳಸವಾ, ಅಂದ ಅಣ್ಣಾಸಾಬ, ಎದ್ದು ಕೋಮಲಳ ಕಡೆ ತಿರುಗಿದ, ನೀ ಯಾಕ ನಿಂತಿ, ಹೊಡಿ, ಹೊತ್ತು ಓಡಾಕತ್ತೈತಿ. ನಾಲ್ಕು ಗುಂಡು ಉಳಿದಿವೆ. ಕೆನ್ನೆ ಬಂದೂಕಿಗೆ, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಗುರಿ ನೋಡಿದರೆ ಗುರಿ ಇಲ್ಲ, ಗುರಿಯ ಜಾಗದಲ್ಲಿ ಕೈ, ಇಳಿಸಿದ್ದಳಲ್ಲ, ಈಗಷ್ಟೇ ಇಳಿಸಿದ್ದಳಲ್ಲ, ನೆಟ್ಟಗೆ ಎತ್ತಿದ ಕೈ, ಹೆಬ್ಬೆರಳಿಗೆ ಬಿಳಿ ಅರಿವೆ, ಕೈ