ಸಹಿ ಹಾಕದವಳು

"ಇಲ್ಲೊಂದು ಸಹಿ ಹಾಕಮ್ಮ, ಸಾಕು," ಎಂದು ಪ್ರಾರ್ಥನಾ ಮಂದಿರದ ಹಿರಿಯರು ಕಾಗದವನ್ನು ಹೊಲಿಗೆ ಯಂತ್ರದ ಮೇಲಿಟ್ಟರು. ಟೈಲರಮ್ಮ ತುಳಿಯುವುದನ್ನು ನಿಲ್ಲಿಸಲಿಲ್ಲ. ಕೊಲೆ ಮಾಡಿದವನನ್ನು ಸಭೆಯವರೆಲ್ಲ ಮನಸಾರೆ ಕ್ಷಮಿಸಿದ್ದಾರೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಅರವತ್ತೆರಡು ಸಹಿಗಳು.

ಕೊಂದವನು ಹೊರಗಿನವನಲ್ಲ, ಅದೇ ಸಭೆಯ ಇಸ್ತ್ರಿಯಮ್ಮನ ಮಗ. ಎರಡು ತಿಂಗಳ ಹಿಂದೆ, ಹಿರಿಯರ ಮೇಲಿನ ಯಾವುದೋ ಸಿಟ್ಟಿಗೆ, ಪ್ರಾರ್ಥನೆಯ ನಡುವೆ ಚಾಕು ಹಿಡಿದು ನುಗ್ಗಿದ್ದ. ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಓಡಿದರು. ಟೈಲರಮ್ಮನ ಗಂಡ ಮಾತ್ರ, "ಏನೋ ಇದು, ಕೊಡಿಲ್ಲಿ," ಎನ್ನುತ್ತ ಅವನ ಕಡೆಗೆ ನಡೆದಿದ್ದ. ಸತ್ತದ್ದೂ ಅವನೊಬ್ಬನೇ.

"ಹೊಟ್ಟೆಗೆ ಹಾಕ್ಕೋಬೇಕಮ್ಮ. ನಿಂದೊಂದೇ ಬಾಕಿ."

"ಅವರಿಗೇನಣ್ಣ, ಅವರವರ ಮನೆಯವರು ಜೊತೇಲಿ ಕೂತು ಊಟ ಮಾಡ್ತಿದಾರೆ." ಅವಳು ದಾರ ಕಡಿದಳು. "ನನ್ನ ಕೈಲಿ ಆಗಲ್ಲ. ಸುಳ್ಳು ಬರೆಯೋಕೂ ಬರಲ್ಲ."

ಹಿರಿಯರು ಮುಖ ಸಪ್ಪಗೆ ಮಾಡಿಕೊಂಡು ಹೋದರು.

ಆ ವಾರ ಇಸ್ತ್ರಿಯಮ್ಮ ಪ್ರಾರ್ಥನೆಗೆ ಬಂದಳು, ಕೊಲೆಯಾದ ಮೇಲೆ ಮೊದಲ ಸಲ. ಒಳಗೆ ಹೋಗುವ ಮುನ್ನ ಅಂಗಳದ ನಲ್ಲಿಯ ಬಳಿ ಒಬ್ಬರ ಕೈಗೆ ಇನ್ನೊಬ್ಬರು ನೀರು ಹಾಕುವುದು ಈ ಸಭೆಯ ಪದ್ಧತಿ. ತನ್ನ ಕೈಯನ್ನು ತಾನೇ ತೊಳೆದುಕೊಂಡು ಯಾರೂ ಒಳಗೆ ಹೋಗುವಂತಿಲ್ಲ. ಇಸ್ತ್ರಿಯಮ್ಮ ಕೈ ಒಡ್ಡಿ ನಿಂತಳು. ಸಹಿ ಹಾಕಿದ ಅರವತ್ತೆರಡು ಮಂದಿಯಲ್ಲಿ ಒಬ್ಬರೂ ಅತ್ತ ಸುಳಿಯಲಿಲ್ಲ. ಒಬ್ಬರಿಗೆ ಫೋನು ಬಂತು, ಇನ್ನೊಬ್ಬರಿಗೆ ಚಪ್ಪಲಿಯ ಚಿಂತೆ ಹತ್ತಿತು. ಹಿರಿಯರೂ ಕಂಡೂ ಕಾಣದಂತೆ ಮೆಟ್ಟಿಲು ಹತ್ತಿದರು. ಒಳಗೆ ಹಾಡು ಶುರುವಾಯಿತು.

ತಡವಾಗಿ ಬಂದ ಟೈಲರಮ್ಮ ಆ ಕೈಗಳನ್ನು ನೋಡಿದಳು. ಇಸ್ತ್ರಿಪೆಟ್ಟಿಗೆ ತಗುಲಿ ಸುಟ್ಟ ಕಲೆಗಳಿದ್ದವು. ಕೊಂದವನನ್ನು ಎತ್ತಿ ಆಡಿಸಿದ್ದೂ ಇವೇ ಕೈಗಳು ಅನ್ನಿಸಿ ಮೈಯೆಲ್ಲ ಉರಿಯಿತು. ಮನೆಗೆ ಹಿಂತಿರುಗೋಣವೆಂದು ಗೇಟಿನ ತನಕ ಹೋದಳು. ತಿರುಗಿ ನೋಡಿದರೆ ಆ ಕೈಗಳು ಇನ್ನೂ ಒಡ್ಡಿಕೊಂಡೇ ಇದ್ದವು. ಆಮೇಲೆ ಬಂದು ಚೊಂಬಿಗೆ ನೀರು ತುಂಬಿದಳು.

"ನಾನು ಕ್ಷಮಿಸಿಲ್ಲ ಅಕ್ಕ."

"ಗೊತ್ತಮ್ಮ."

"ಯಾವತ್ತಾದ್ರೂ ಆಗುತ್ತೋ ಇಲ್ವೋ, ಅದೂ ಗೊತ್ತಿಲ್ಲ."

"ನಾನದನ್ನ ಕೇಳೋಕೆ ಬಂದಿಲ್ಲ ತಾಯಿ. ಮನೇಲಿ ಒಬ್ಬಳೇ ಕೂತ್ಕೊಳ್ಳೋಕಾಗಲಿಲ್ಲ."

ಎರಡು ತಿಂಗಳಿಂದ ಟೈಲರಮ್ಮನಿಗೂ ಅದು ಆಗುತ್ತಿರಲಿಲ್ಲ. ಆ ಕೈಗಳಿಗೆ ನೀರು ಹಾಕಿದಳು. ಬಳಿಕ ಚೊಂಬನ್ನು ಇಸ್ತ್ರಿಯಮ್ಮನಿಗೆ ಕೊಟ್ಟು ತನ್ನ ಕೈ ಒಡ್ಡಿದಳು.

ಇಸ್ತ್ರಿಯಮ್ಮ ಎರಡೂ ಕೈಯಲ್ಲಿ ಹಿಡಿದು ಚೊಂಬು ಬಾಗಿಸಿದಳು. ಆದರೂ ನೀರು ಅತ್ತಿತ್ತ ಚೆಲ್ಲುತ್ತಿತ್ತು. ಅದು ಬೀಳುವ ಕಡೆಗೆಲ್ಲ ಟೈಲರಮ್ಮ ತನ್ನ ಬೊಗಸೆಯನ್ನು ಸರಿಸುತ್ತ ಹೋದಳು.