ಎಂಟು ಹೆಗಲು

ಸಾಕ್ಷ್ಯಚಿತ್ರ ತೆಗೆಯುವ ಮೂವರು ವ್ಯಾನಿನಿಂದ ಇಳಿದಾಗ ಪೆಂಗ್ ಅಜ್ಜಿ ಅವರ ಮುಖ ನೋಡಲಿಲ್ಲ, ಹೆಗಲು ನೋಡಿದಳು. ಊರಲ್ಲಿ ಉಳಿದಿದ್ದ ಗಂಡಸರು ಐದೇ ಮಂದಿ. ಶವಪೆಟ್ಟಿಗೆಯನ್ನು ಬೆಟ್ಟಕ್ಕೆ ಹೊರಲು ಎಂಟು ಜನ ಬೇಕು. ಕಮ್ಮಿಯಾದರೆ ಕಡಿದಾದ ತಿರುವಿನಲ್ಲಿ ಪೆಟ್ಟಿಗೆ ನೆಲಕ್ಕೆ ತಾಕುತ್ತದೆ. ತಾಕಿತೋ, ಸತ್ತವರು ಅಲ್ಲೇ ಕೂತುಬಿಡುತ್ತಾರೆ. ಗಂಡನ ಗೋರಿ ಇದ್ದದ್ದು ತಿರುವಿನಾಚೆ. ಅರ್ಧ ದಾರಿಯಲ್ಲಿ ಕೂರುವ ಮನಸ್ಸು ಅಜ್ಜಿಗಿರಲಿಲ್ಲ.

ನಿರ್ದೇಶಕಿ ರುವಾನ್ ಮೊದಲೇ ಹೇಳಿದ್ದಳು: "ಅಜ್ಜಿ, ನಾವು ಇಲ್ಲಿ ಇಲ್ವೇ ಇಲ್ಲ ಅಂದ್ಕೊಳ್ಳಿ. ನಾವು ಯಾವುದಕ್ಕೂ ಕೈ ಹಾಕಲ್ಲ."

"ಊಟಕ್ಕೂ ಹಾಕಲ್ವಾ?"

ನಾಲ್ಕು ದಿನ ಅವರಿಗೆ ಹೊಗೆಯಲ್ಲಿಟ್ಟ ಹಂದಿಮಾಂಸ ಬಡಿಸಿದಳು. ಐದನೆಯ ದಿನ, ಮೊದಲೇ ಮಾಡಿಸಿಟ್ಟುಕೊಂಡಿದ್ದ ತನ್ನ ಶವಪೆಟ್ಟಿಗೆಗೆ, ಮರ ಕೆಡದಂತೆ ವರ್ಷಕ್ಕೊಮ್ಮೆ ಹಚ್ಚುವ ಅರಗಿನ ಎಣ್ಣೆ ಬಳಿಯಬೇಕು, ಬಿಸಿಲಿಗೆ ತನ್ನಿ ಎಂದು ಐವರನ್ನೂ ಕರೆಸಿದಳು. ಬಿದಿರ ಬೊಂಬಿಗೆ ಹಗ್ಗ ಬಿಗಿದು ಎತ್ತಿದರು. ಪೆಟ್ಟಿಗೆ ಗೇಣುದ್ದ ಎದ್ದು ಮತ್ತೆ ಕೂತಿತು.

"ಅತ್ತಿಗೆ, ಒಳಗೇನಿಟ್ಟಿದೀಯೆ?" ಎಂದ ಹೊರುವವರ ಹಿರಿಯ, ಮುದುಕ ಲುವೊ.

"ಮೆಕ್ಕೆಜೋಳ. ಸರಿಯಾಗಿ ನನ್ನ ತೂಕಕ್ಕೆ ತುಂಬಿದೀನಿ."

ಇನ್ನೊಮ್ಮೆ ಎತ್ತಿದಾಗ ಲುವೊನ ಮೊಣಕಾಲು ಕೈಕೊಟ್ಟಿತು. ಪೆಟ್ಟಿಗೆ ಅವನತ್ತ ವಾಲಿತು. "ಹಿಡೀರೋ!" ಎಂದು ರುವಾನ್ ಓಡಿಬಂದು ಹೆಗಲು ಕೊಟ್ಟಳು. ಕ್ಯಾಮೆರಾದವನೂ ಧ್ವನಿ ಹಿಡಿಯುವವನೂ ಕೈಲಿದ್ದದ್ದನ್ನೆಲ್ಲ ಅಲ್ಲೇ ಬಿಟ್ಟು ಬಂದರು.

"ಹೆಂಗಸರು ಹೊರೋ ಹಾಗಿಲ್ಲ," ಎಂದು ಗೊಣಗಿದ ಲುವೊ.

"ಹಾಗಾದ್ರೆ ಅವಳ ಪಾಲಿಂದೂ ನೀನೇ ಹೊರು," ಎಂದಳು ಅಜ್ಜಿ.

ಅಂಗಳದ ತುಂಬ ಬಿಸಿಲಿತ್ತು. ಅಜ್ಜಿ ಮಾತ್ರ ನಿಲ್ಲಲಿಲ್ಲ. "ಇಲ್ಲಿ ಸಾಲದು, ಇನ್ನೊಂಚೂರು ಮೇಲೆ," ಎನ್ನುತ್ತ ಮುಂದೆ ನಡೆದಳು.

"ಅಜ್ಜಿ, ಇದು ಬೆಟ್ಟದ ದಾರಿ ಅಲ್ವಾ?"

"ಇಲ್ದೇ ಇರೋರು ಮಾತಾಡ್ತಾರಾ? ನಡಿ."

ತಿರುವಿನಲ್ಲಿ ಎಲ್ಲರೂ ಬೈದಾಡಿದರು, ಒಬ್ಬರ ಕಾಲು ಒಬ್ಬರು ತುಳಿದರು. ಅಜ್ಜಿ ನೆಲಕ್ಕೆ ಬಗ್ಗಿ ಪೆಟ್ಟಿಗೆಯ ತಳವನ್ನೇ ನೋಡುತ್ತಿದ್ದಳು. ತಾಕಲಿಲ್ಲ. ಗೋರಿಯ ಮುಂದಿನ ಚಪ್ಪಡಿಯ ಮೇಲೆ ಇಳಿಸಿದಾಗ ಎಂಟೂ ಮಂದಿ ಏದುಸಿರು ಬಿಡುತ್ತ ನಕ್ಕರು.

"ಆ ದಿನವೂ ಬರ್ತೀಯಾ, ಮಗಳೇ?"

ರುವಾನ್ ಕತ್ತಿನ ಬೆವರು ಒರೆಸಿಕೊಂಡಳು. "ಸಿನಿಮಾ ಅಷ್ಟೊತ್ತಿಗೆ ಮುಗಿದಿರುತ್ತಲ್ಲ ಅಜ್ಜಿ."

"ಮುಗೀಲಿ. ಹೊರೋಕೆ ಕೈ ಖಾಲಿ ಇರಬೇಕು."

ರುವಾನ್ ಧ್ವನಿಯವನ ಜೇಬಿನಿಂದ ಪೆನ್ನು ಕಿತ್ತುಕೊಂಡಳು. ಪೆಟ್ಟಿಗೆಯ ಮುಚ್ಚಳ ಸರಿಸಿ ಅದರ ಒಳಮೈಗೆ ತನ್ನ ಫೋನ್ ನಂಬರು ಬರೆದಳು. ಕ್ಯಾಮೆರಾದವನೂ ಬರೆದ. ಧ್ವನಿಯವನು ತನ್ನದರ ಕೆಳಗೆ, ಇರಲಿ ಅಂತ, ಅಮ್ಮನದನ್ನೂ ಬರೆದ.

ಅಜ್ಜಿ ತಲೆ ಬಗ್ಗಿಸಿ ಒಂದೊಂದೇ ಅಂಕಿ ಓದಿದಳು.

"ಇದೇನು, ಒಂದೋ ಏಳೋ? ನೆಟ್ಟಗೆ ಬರಿ. ಆವತ್ತು ನನ್ನ ಎಬ್ಬಿಸಿ ಕೇಳ್ತಾರಾ?"