ಎರಡು ಸಲ ಬಾರಿಸಿದರೆ ಚಹಾ

ನಾನು ಒಂದು ಮೇಜಿನ ಗಂಟೆ. ಅರ್ಧ ತೆಂಗಿನ ಚಿಪ್ಪನ್ನು ಬೋರಲು ಹಾಕಿದಂತಿದ್ದೇನೆ, ನೆತ್ತಿಯ ಮೇಲೊಂದು ಗುಂಡಿ. ಆ ಗುಂಡಿ ಒತ್ತಿದರೆ ಮಾತ್ರ ನನಗೆ ಮಾತು. ಹಾಗೆಂದು ನನ್ನನ್ನು ಹತ್ತರಲ್ಲಿ ಹನ್ನೊಂದು ಎಂದುಕೊಳ್ಳಬೇಡಿ. ಹಂಚಿನಹಾಳ ಪುರಸಭೆಯಲ್ಲಿ ನಾನು ಬಾಯಿ ತೆರೆದರೆ ಎಂಥೆಂಥವರೂ ಬಾಯಿ ಮುಚ್ಚುತ್ತಿದ್ದರು. ಮುಚ್ಚದವರ ಬಾಯಿಗೆ ಮಿರ್ಚಿ ಭಜಿ ಬೀಳುತ್ತಿತ್ತು. ಅದು ಹೇಗೆಂದು ಹೇಳುತ್ತೇನೆ, ಕೇಳಿ.

ನನ್ನನ್ನು ಹುಟ್ಟಿಸಿದವರು ಕಂಚುಗಾರ ಓಣಿಯ ಮೌನಪ್ಪ. ಹೆಸರು ಮೌನಪ್ಪ, ಮಾಡುವುದು ಗಂಟೆ. ಓಣಿಯವರೆಲ್ಲ ಇದನ್ನು ಹೇಳಿಕೊಂಡು ನಗುತ್ತಿದ್ದರು, ಅವರೊಬ್ಬರನ್ನು ಬಿಟ್ಟು. ಹಿತ್ತಾಳೆ ಕರಗಿಸಿ, ಅಚ್ಚಿಗೆ ಹೊಯ್ದು, ಆರಿದ ಮೇಲೆ ಉಜ್ಜಿ ಉಜ್ಜಿ, ನನ್ನ ಮೈಯಲ್ಲಿ ತಮ್ಮ ಮೀಸೆ ಕಾಣುವ ತನಕ ಅವರು ಬಿಡಲಿಲ್ಲ. ಕೊನೆಗೆ ಒಮ್ಮೆ ಒತ್ತಿ ಕಣ್ಣು ಮುಚ್ಚಿ ಕೇಳಿದರು. ನನ್ನ ಧ್ವನಿ ಪಡಸಾಲೆ ದಾಟಿ, ಅಂಗಳ ದಾಟಿ, ಹಿತ್ತಲ ಬಾವಿಯ ತನಕ ಹೋಯಿತು.

“ಇದು ನಾಕ್ ಮಂದ್ಯಾಗ ಇರೂ ಗಂಟಿ” ಎಂದರು ಮೌನಪ್ಪ.

ಹುಟ್ಟಿದ ದಿನವೇ ಇಂಥ ಮಾತು ಕಿವಿಗೆ ಬಿದ್ದರೆ ಯಾರಿಗಾದರೂ ಜಂಬ ಬರುತ್ತದೆ. ನನಗೂ ಬಂತು. ಇವತ್ತಿಗೂ ಪೂರ್ತಿ ಹೋಗಿಲ್ಲ.

ನನ್ನ ಮೊದಲ ಮನೆ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲು. ಯಜಮಾನರು ರಾಚಪ್ಪನವರು, ಹಣದ ಗಲ್ಲೆಯ ಮೇಲೆ ನನ್ನನ್ನು ಕೂರಿಸಿ ತಾವು ಅದರ ಹಿಂದೆ ಕೂರುತ್ತಿದ್ದರು. ಚಹಾ ಕೊಡುವವನು ಮಕ್ತುಮಸಾಬ, ಆಗಿನ್ನೂ ಮೀಸೆ ಚಿಗುರಿದ ವಯಸ್ಸು. ರಾಚಪ್ಪನವರಿಗೆ ಕೂಗಿ ಗಂಟಲು ಹರಿದುಕೊಳ್ಳುವುದು ಸೇರುತ್ತಿರಲಿಲ್ಲ. ಅದಕ್ಕೇ ಒಂದು ಕಟ್ಟಳೆ ಮಾಡಿದ್ದರು. ಒಂದು ಸಲ ಬಾರಿಸಿದರೆ ‘ಆಯಿತು’ ಎಂದರ್ಥ. ಎರಡು ಸಲ ಬಾರಿಸಿದರೆ ಚಹಾ. ಮಕ್ತುಮಸಾಬ ಎಲ್ಲಿದ್ದರೂ ಎರಡನೆಯ ಟಿಣ್ ಮುಗಿಯುವುದರೊಳಗೆ ಅವನ ಕೈಯಲ್ಲಿ ಚಹಾದ ಕಪ್ಪು, ಬಸಿ ಇರುತ್ತಿದ್ದವು.

ಹೀಗಿರಲಾಗಿ ರಾಚಪ್ಪನವರು ಪುರಸಭೆ ಚುನಾವಣೆಗೆ ನಿಂತರು. ಊರಿನಲ್ಲಿ ಅವರ ಚಹಾ ಕುಡಿಯದ ಬಾಯಿ ಇರಲಿಲ್ಲವಾದ್ದರಿಂದ ಗೆದ್ದರು, ಅಧ್ಯಕ್ಷರೂ ಆದರು. ಮೊದಲ ಸಭೆಯಿಂದ ತಲೆ ಹಿಡಿದುಕೊಂಡು ಹೋಟೆಲಿಗೆ ಬಂದರು. ಅಲ್ಲಿ ಒಬ್ಬರು ಮಾತಾಡುವಾಗ ಉಳಿದವರೆಲ್ಲ ಮಾತಾಡುತ್ತಾರೆ, ಕೇಳುವವರು ಮಾತ್ರ ಯಾರೂ ಇಲ್ಲ ಎಂದು ಗೋಳಾಡಿದರು. ಮುಂದಿನ ಸಭೆಗೆ ಹೋಗುವಾಗ ನನ್ನನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಸ್ವಲ್ಪ ದಿನಕ್ಕೆ ಮಕ್ತುಮಸಾಬನೂ ಪುರಸಭೆಯ ಜವಾನನಾಗಿ ನನ್ನ ಹಿಂದೆಯೇ ಬಂದ. ನಮ್ಮಿಬ್ಬರ ಜೊತೆ ಆ ಕಟ್ಟಳೆಯೂ ಬಂತು.

ಪುರಸಭೆಯ ಸಾಮಾನ್ಯ ಸಭೆ ನಿಜಕ್ಕೂ ಸಾಮಾನ್ಯವೇ. ಮೊದಲು ಹಿಂದಿನ ಸಭೆಯ ನಡಾವಳಿ ಓದುತ್ತಾರೆ. ಆಮೇಲೆ ಗಟಾರದ ಹೂಳು, ಬೀದಿದೀಪದ ಬಲ್ಬು, ಬ್ಲೀಚಿಂಗ್ ಪುಡಿ, ಸಂತೆ ಕಟ್ಟೆಯ ಹರಾಜು, ಹುಚ್ಚು ನಾಯಿ. ಮುಖ್ಯಾಧಿಕಾರಿಗಳು ಒಂದೊಂದೇ ವಿಷಯ ಓದಿದಂತೆ ಸದಸ್ಯರು ಮೇಜು ಕುಟ್ಟುತ್ತಾರೆ, ಅಧ್ಯಕ್ಷರು ನನ್ನನ್ನು ಒಂದು ಸಲ ಬಾರಿಸುತ್ತಾರೆ. ಮಂಜೂರು. ನಾನು ಟಿಣ್ ಎನ್ನದೆ ಈ ಊರಿನಲ್ಲಿ ಒಂದು ಬಲ್ಬೂ ಹತ್ತಿದ್ದಿಲ್ಲ. ಕೊನೆಗೆ ಯಾವಾಗಲೂ ಒಂದೇ ಸಾಲು: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು.’ ಅದನ್ನು ಓದುವ ಹೊತ್ತಿಗೆ ಎಲ್ಲರ ಕಣ್ಣೂ ವರಾಂಡದ ಕಡೆ. ಟಿಣ್ ಟಿಣ್. ಮಕ್ತುಮಸಾಬ ಚಹಾ, ಗಿರ್ಮಿಟ್ಟು, ಮಿರ್ಚಿ ಭಜಿ ತರುತ್ತಾನೆ. ತಿಂದು ಕೈ ಒರೆಸಿಕೊಂಡು ಎಲ್ಲರೂ ಎದ್ದು ಹೋಗುತ್ತಾರೆ. ಚಹಾ ಬಂತೆಂದರೆ ಸಭೆ ಮುಗಿಯಿತು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೂ ಬರೆದಿಟ್ಟ ಕಾನೂನಿಗಿಂತ ಹೆಚ್ಚಾಗಿ ನಡೆಯುತ್ತಿತ್ತು.

ಅಧ್ಯಕ್ಷರು ಬಂದರು, ಹೋದರು. ನಾನು ಕದಲಲಿಲ್ಲ. ರಾಚಪ್ಪನವರು ಮುದುಕರಾಗಿ ಬರೀ ಸದಸ್ಯರಾಗಿ ಹಿಂದಿನ ಸಾಲಿನಲ್ಲಿ ತೂಕಡಿಸತೊಡಗಿದರು. ಚನ್ನವೀರಗೌಡರು ಅಧ್ಯಕ್ಷರಾದರು. ಶಿಸ್ತಿನ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ. ಕೆಲವು ಸದಸ್ಯರು ಸಭೆ ಮುಗಿದ ಮೇಲೂ ಹರಟುತ್ತ ಕೂತು ಎರಡು ಮೂರು ಸಲ ಚಹಾ ತರಿಸುತ್ತಾರೆಂದು ತಿಳಿದು, ಒಂದು ಸಭೆಗೆ ಒಂದೇ ಚಹಾ ಎಂದು ಅವರೇ ಮುಂದೆ ನಿಂತು ಠರಾವು ಪಾಸು ಮಾಡಿಸಿದರು. ಅದಕ್ಕೂ ನಾನೇ ಟಿಣ್ ಎಂದೆ. ಈ ಠರಾವನ್ನು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಿ.

ಆಗ ಬಂದಳು ಗುತ್ತೆವ್ವ. ಏಕವಚನದಲ್ಲಿ ಕರೆಯುತ್ತಿರುವುದು ಸಲುಗೆಯಿಂದ, ತಪ್ಪು ತಿಳಿಯಬೇಡಿ. ಮೆಣಸಿನಕಾಯಿ ಯಾರ್ಡಿನ ಹಿಂದಿನ ಓಣಿಯಿಂದ ಗೆದ್ದು ಬಂದ ಸದಸ್ಯೆ. ಆ ಓಣಿಯ ಹೆಂಗಸರೆಲ್ಲ ಯಾರ್ಡಿನಲ್ಲಿ ರಾಶಿಯ ಮುಂದೆ ಕೂತು ಕಾಯಿಯ ತೊಟ್ಟು ಬಿಡಿಸುವವರು. ಗುತ್ತೆವ್ವನೂ ಅದೇ ಕೆಲಸದವಳು. ಸದಸ್ಯೆಯಾದ ಮೇಲೂ ಬಿಡಲಿಲ್ಲ, ರಾಶಿಯಿಂದ ಎದ್ದು ನೇರ ಸಭೆಗೆ ಬರುತ್ತಿದ್ದಳು. ಸೆರಗಿನ ತುಂಬ ಘಾಟು. ಅವಳು ಕೂತ ಕೂಡಲೇ ಅಕ್ಕಪಕ್ಕದವರು ಸೀನುತ್ತ ಕುರ್ಚಿ ಸರಿಸಿಕೊಳ್ಳುತ್ತಿದ್ದರು. ಅವಳು ಬೇಸರ ಮಾಡಿಕೊಳ್ಳಲಿಲ್ಲ, ಕಾಲು ಚಾಚಲು ಜಾಗ ಆಯಿತೆಂದು ಆರಾಮಾಗಿ ಕೂತಳು.

ಅವಳ ಬೇಡಿಕೆ ಒಂದೇ. ವಾರಕ್ಕೊಮ್ಮೆ ಆ ಓಣಿಗೆ ನಳದ ನೀರು ಬರುವುದು ಹೊತ್ತೇರಿದ ಮೇಲೆ, ಹೆಂಗಸರೆಲ್ಲ ಯಾರ್ಡಿಗೆ ಹೋದ ಬಳಿಕ. ಪೇಟೆ ಓಣಿಗೆ ನಸುಕಿನಲ್ಲೇ ಬಿಡುತ್ತಾರೆ. ಅದನ್ನು ಅದಲು ಬದಲು ಮಾಡಬೇಕು, ಅಷ್ಟೆ. ಹೊಸ ಪೈಪು ಬೇಡ, ಟ್ಯಾಂಕು ಬೇಡ, ನೀರು ಬಿಡುವವನು ಒಂದು ವಾಲ್ವನ್ನು ಮೊದಲು ತಿರುಗಿಸಿ ಇನ್ನೊಂದನ್ನು ಆಮೇಲೆ ತಿರುಗಿಸಿದರೆ ಮುಗಿಯಿತು. ಆದರೆ ಪೇಟೆ ಓಣಿಯಲ್ಲಿ ಚನ್ನವೀರಗೌಡರ ಮನೆಯಿತ್ತು.

ಅವಳು ಎದ್ದಾಗಲೆಲ್ಲ ಗೌಡರು ಅದನ್ನು ಇತರೆ ವಿಷಯದಲ್ಲಿ ಹೇಳಿರೆಂದು ಕೂರಿಸುತ್ತಿದ್ದರು. ಇತರೆ ವಿಷಯ ಬಂದಾಗ ಅವಳು ಮತ್ತೆ ಏಳುತ್ತಿದ್ದಳು. ಹಸಿದ ಸದಸ್ಯರು ಗುಜುಗುಜು ಎನ್ನುತ್ತಿದ್ದರು. ಗದ್ದಲ ಅಡಗಿಸಲು ಗೌಡರು ನನ್ನನ್ನು ಟಿಣ್ ಟಿಣ್ ಎಂದು ಕುಟ್ಟುತ್ತಿದ್ದರು. ಮಕ್ತುಮಸಾಬನಿಗೆ ಟಿಣ್ ಟಿಣ್ ಎಂದರೆ ಚಹಾ. ಟ್ರೇ ಬಂತು, ಸಭೆ ಮುಗಿಯಿತು. ಮೊದಮೊದಲು ಅದು ಗೌಡರ ಬೆರಳಿನ ಸಿಟ್ಟು. ಬರಬರುತ್ತ ಅದು ಅವರ ಬುದ್ಧಿಯಾಯಿತು. ಗುತ್ತೆವ್ವ ಬಾಯಿ ತೆರೆಯುವ ಮುಂಚೆಯೇ ಅವರ ಬೆರಳು ನನ್ನ ನೆತ್ತಿಯ ಮೇಲೆ ಬಂದು ಕೂರುತ್ತಿತ್ತು.

ನನಗೆ ಎಷ್ಟು ಉರಿಯುತ್ತಿತ್ತೆಂದರೆ ಹೇಳಲಾರೆ. ಬೆರಳು ಅವರದು, ಕೆಟ್ಟ ಹೆಸರು ನನ್ನದು. ಒಂದು ಸಲ ಗುತ್ತೆವ್ವ ಚಹಾ ಬಂದರೂ ಮಾತು ನಿಲ್ಲಿಸಲಿಲ್ಲ. ಬಾಯಿ ತುಂಬ ಮಿರ್ಚಿ ಇಟ್ಟುಕೊಂಡವರು ತಲೆಯನ್ನೇನೋ ಆಡಿಸಿದರು, ಕೇಳಿದ್ದು ಯಾರೂ ಇಲ್ಲ. ಎಲ್ಲರೂ ಹೋದ ಮೇಲೆ ಅವಳು ತಣ್ಣಗಾದ ಕಪ್ಪು ಹಿಡಿದು ಒಬ್ಬಳೇ ಕೂತಿದ್ದಳು. ಬಸಿ ಎತ್ತಲು ಬಂದ ಮಕ್ತುಮಸಾಬ ನಿಂತ. ಅವನ ಮನೆಯೂ ಅದೇ ಓಣಿಯಲ್ಲಿ, ಅವನ ಹೆಂಡತಿಯೂ ಅದೇ ಯಾರ್ಡಿನಲ್ಲಿ.

ಗುತ್ತೆವ್ವ ನನ್ನನ್ನೇ ದಿಟ್ಟಿಸುತ್ತ, “ಕಾಕಾ, ಈ ಗಂಟಿ ಯಾರು ಬಾರಿಸಿದ್ರೂ ಚಹಾ ತರ್ತೀಯೇನು?” ಎಂದಳು.

“ನನಗ ಗಂಟಿ ಕೇಳತೈತಿ ತಂಗಿ. ಯಾರ ಕೈ ಅನ್ನೂದು ಕಾಣಂಗಿಲ್ಲ” ಎಂದ ಮಕ್ತುಮಸಾಬ.

ಮುಂದಿನ ಸಭೆಯ ದಿನ. ಹಾಜರಿ ಪುಸ್ತಕ ಅಧ್ಯಕ್ಷರ ಮೇಜಿನ ಮೇಲೆ, ನನ್ನ ಪಕ್ಕದಲ್ಲೇ ಇರುತ್ತದೆ. ಸದಸ್ಯರು ಬಂದು ಸಹಿ ಹಾಕಿ ಹೋಗಬೇಕು. ಎಲ್ಲರೂ ಕೂತ ಮೇಲೆ ಗುತ್ತೆವ್ವ ಎದ್ದು ಬಂದಳು. ಗೌಡರು ಮೊಬೈಲಿನಲ್ಲಿ ಯಾರಿಗೋ ಬುದ್ಧಿ ಹೇಳುತ್ತಿದ್ದರು. ಅವಳು ಬಲಗೈಯಲ್ಲಿ ನಿಧಾನಕ್ಕೆ ಸಹಿ ಹಾಕುತ್ತ, ಎಡಗೈಯ ಬೆರಳನ್ನು ನನ್ನ ನೆತ್ತಿಗೆ ತಂದಳು. ಆ ಬೆರಳಿಗೆ ಮೆಣಸಿನಕಾಯಿಯ ಕೆಂಪು ಅಂಟಿತ್ತು, ತುದಿ ಕಲ್ಲಿನಂತೆ ಗಟ್ಟಿಯಾಗಿತ್ತು. ಟಿಣ್ ಟಿಣ್.

ಮಕ್ತುಮಸಾಬ ಒಳಗೆ ಬಂದ. ಟ್ರೇಯಲ್ಲಿ ಹಬೆಯಾಡುವ ಚಹಾ, ಹಿಂದೆಯೇ ಬುಟ್ಟಿ ತುಂಬ ಮಿರ್ಚಿ. ಅಷ್ಟು ಬೇಗ ಎಲ್ಲ ಹೇಗೆ ತಯಾರಾಯಿತೆಂದು ಯಾರೂ ಕೇಳಲಿಲ್ಲ. ಬಿಸಿ ಮಿರ್ಚಿ ಮುಂದೆ ಬಂದಾಗ ಕಾರಣ ಕೇಳುವ ಪದ್ಧತಿ ನಮ್ಮ ಕಡೆ ಇಲ್ಲ. ಗೌಡರೂ ಮೊಬೈಲು ಕೆಳಗಿಟ್ಟು, ಮೊದಲೇ ತರಿಸಿ ಯಾರೋ ಒಳ್ಳೆಯ ಕೆಲಸ ಮಾಡಿದರು ಎಂದು ಹೊಗಳಿ ಎರಡು ಹೆಚ್ಚಿಗೆ ತೆಗೆದುಕೊಂಡರು.

ಶುರುವೇ ಆಗದ ಸಭೆ ಮುಗಿಯುವುದು ಹೇಗೆ? ತಿಂದು ಕೈ ಒರೆಸಿಕೊಂಡ ಮೇಲೆ ಸಭೆ ನಡೆಯಿತು. ನಡಾವಳಿ, ಗಟಾರ, ಬಲ್ಬು, ನಾಯಿ. ಟಿಣ್, ಟಿಣ್, ಎಲ್ಲ ಒಂದೊಂದೇ. ಮುಖ್ಯಾಧಿಕಾರಿಗಳು ಕೊನೆಯ ಸಾಲು ಓದಿದರು. ಗುತ್ತೆವ್ವ ಎದ್ದಳು. ಗೌಡರ ಬೆರಳು ನನ್ನನ್ನು ಕುಟ್ಟಿತು. ಟಿಣ್ ಟಿಣ್.

ಮಕ್ತುಮಸಾಬ ಬಂದ, ಬರಿಗೈಯಲ್ಲಿ.

“ಚಹಾ ಎಲ್ಲೈತೋ?” ಎಂದರು ಗೌಡರು.

“ಆಗೇತ್ರಿ ಸಾಹೇಬ್ರ. ಒಂದು ಸಭಾಕ್ಕ ಒಂದ ಚಹಾ, ತಾವ ಠರಾವು ಮಾಡೀರಿ.”

ಸಭಾಂಗಣದಲ್ಲಿ ಒಂದು ಕುರ್ಚಿಯೂ ಅಲುಗಲಿಲ್ಲ. ಚಹಾ ಬರದೆ ಎದ್ದು ಹೋಗುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಹಾಗೆ ಹೋದದ್ದೇ ಇಲ್ಲ. ಗೌಡರು ಇನ್ನೂ ಎರಡು ಸಲ ಕುಟ್ಟಿದರು. ಮಕ್ತುಮಸಾಬ ಇನ್ನೂ ಸ್ವಲ್ಪ ಬಗ್ಗಿ ನಿಂತ. ನಾನಂತೂ ನಗು ತಡೆಯಲಾರದೆ ಒಳಗೊಳಗೇ ಝೇಂಕರಿಸುತ್ತಿದ್ದೆ.

ಗುತ್ತೆವ್ವ ತನ್ನ ಮಾತು ಪೂರ್ತಿ ಹೇಳಿದಳು. ಪೇಟೆ ಓಣಿಯ ಸದಸ್ಯರೊಬ್ಬರು, ನಮ್ಮ ಮನೆಯವರು ಮಧ್ಯಾಹ್ನ ನೀರು ಹಿಡಿಯಬೇಕೇ ಎಂದು ಕೇಳಿದರು. ಅವಳು ಅವರ ಕಡೆ ತಿರುಗಿದಳು. ಧ್ವನಿ ಏರಿಸಲಿಲ್ಲ.

“ನಿಮ್ಮ ಮನ್ಯಾಗ ಹಗಲೆಲ್ಲಾ ಮಂದಿ ಇರ್ತಾರ್ರೀ. ನಮ್ಮ ಮನೀಗೆ ಹಗಲ ಹೊತ್ತು ಕೀಲಿ ಇರತೈತಿ. ಆ ಕೀಲಿ ತಗ್ಯಾಕ ನಮ್ಮ ಹೆಣ್ಣು ಹುಡುಗರು ಸಾಲಿ ಬಿಟ್ಟು ಬರ್ತಾವು. ಸಾಲ್ಯಾಗ ಅದಕ್ಕ ನೀರಿನ ರಜಾ ಅಂತ ಹೆಸರಿಟ್ಟಾರ. ನನ್ನ ಮಗಳು ಕಾಶವ್ವ ಪಾಠ ಹಿಂದ ಬಿದ್ದು, ಸಾಲೀನ ಬಿಡ್ತೀನಿ ಅನ್ನಾಕತ್ತಾಳ. ನಾನೂ ನೀರಿಗೆ ನಿಂತ ಸಾಲಿ ಬಿಟ್ಟಾಕಿ. ಅಕಿಗೂ ಹಂಗ ಆಗಬಾರದು.”

ಯಾರೂ ಸೀನಲಿಲ್ಲ. ಹಿಂದಿನ ಸಾಲಿನಲ್ಲಿ ರಾಚಪ್ಪನವರು ಕೋಲೂರಿ ಎದ್ದರು. ಅವರಿಗೆ ಯಾವಾಗ ಎಚ್ಚರವಾಯಿತೋ ತಿಳಿಯದು.

“ನನ್ನ ಹೋಟೆಲಿನ್ಯಾಗ ಮಂದಿ ಚಹಾ ಕುಡದು ಮಾತು ಸುರು ಮಾಡ್ತಿದ್ರು. ಇಲ್ಲಿ ಚಹಾ ಕುಡದು ಮಾತು ಮುಗಸಾಕತ್ತೀವಿ. ನಾ ಈ ಗಂಟಿ ತಂದದ್ದು ಅದಕ್ಕಲ್ಲ” ಎಂದು ಹೇಳಿ ಕೈ ಎತ್ತಿದರು.

ಎತ್ತಿದ ಕೈಯನ್ನು ಅವರು ಇಳಿಸಲಿಲ್ಲ. ಹೆಂಗಸರ ಸಾಲಿನಲ್ಲಿ ಬಳೆಗಳು ಸದ್ದು ಮಾಡಿದವು. ಆ ಸಾಲಿನ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ಆಮೇಲೆ ನಡುವಿನ ಸಾಲು. ಕೊನೆಗೆ ಪ್ರಶ್ನೆ ಕೇಳಿದ ಪೇಟೆ ಓಣಿಯವರೂ ಸುತ್ತಮುತ್ತ ನೋಡಿ, ಕಿವಿ ತುರಿಸಿಕೊಳ್ಳುವ ಹಾಗೆ ಕೈ ಎತ್ತಿದರು. ಮೇಜುಗಳ ಮೇಲೆ ಶುರುವಾದ ಗುದ್ದಿಗೆ ನಾನು ಕೂತಲ್ಲೇ ಕುಣಿದೆ. ಮುಖ್ಯಾಧಿಕಾರಿಗಳು ಪೆನ್ನು ಹಿಡಿದು ಅಧ್ಯಕ್ಷರ ಮುಖ ನೋಡಿದರು. ಬಾರಿಸಲೇಬೇಕಿತ್ತು. ಗೌಡರು ಮನಸ್ಸಿಲ್ಲದ ಮನಸ್ಸಿನಿಂದ, ಕೇಳಿಸದಿದ್ದರೆ ಸಾಕೆಂಬಂತೆ ಮೆಲ್ಲಗೆ ಒಂದು ಸಲ ಒತ್ತಿದರು.

ನಾನು ಬಿಟ್ಟೇನೇ? ಮೌನಪ್ಪ ನನ್ನೊಳಗೆ ಹೊಯ್ದ ಧ್ವನಿಯನ್ನೆಲ್ಲ ಹೊರಗೆ ಹಾಕಿದೆ. ಸಭಾಂಗಣ ದಾಟಿ, ವರಾಂಡ ದಾಟಿ, ಗೇಟಿನ ತನಕ ಕೇಳಿಸಿತು. ಗೇಟಿನಲ್ಲಿ ಯಾರ್ಡಿನ ಹೆಂಗಸರು ಊಟದ ಹೊತ್ತು ಬಿಟ್ಟು ಬಂದು ಕಾಯುತ್ತಿದ್ದರು. ಕೊನೆಯ ಟಿಣ್ ಟಿಣ್ ಆದ ಮೇಲೆ ಒಂದೇ ಸಲ ಬಾರಿಸಿತೆಂದರೆ ನೀರು ಮಂಜೂರು ಎಂದು ಮಕ್ತುಮಸಾಬ ಅವರಿಗೆ ಹೇಳಿಕೊಟ್ಟಿದ್ದ. ಅವರೆಲ್ಲ ಕೇಕೆ ಹಾಕುತ್ತ ಒಳಗೆ ನುಗ್ಗಿ ಗುತ್ತೆವ್ವನನ್ನು ಎತ್ತಿಕೊಂಡರು. ಅಷ್ಟೂ ಸೆರಗುಗಳ ಘಾಟು ಒಮ್ಮೆಗೇ ಸಭಾಂಗಣ ತುಂಬಿತು. ಚಪ್ಪಾಳೆಗಿಂತ ಸೀನುಗಳೇ ಜೋರಾದವು. ಗೌಡರು ಎಲ್ಲರಿಗಿಂತ ಹೆಚ್ಚು ಸೀನಿದರು, ಕಣ್ಣಲ್ಲಿ ನೀರು ಸುರಿಸಿಕೊಂಡು ಕೊನೆಗೆ ಅವರೂ ನಕ್ಕುಬಿಟ್ಟರು. ಗುತ್ತೆವ್ವ ಮಾತ್ರ ಅಳುತ್ತಿದ್ದಳು. ಅದು ಘಾಟಿಗೆ ಬಂದ ನೀರಲ್ಲ.

ಆ ದಿನದ ಮೇಲೆ ಸಭೆಯಲ್ಲಿ ಚಹಾ ಮೊದಲೇ ಬರತೊಡಗಿತು. ಇತರೆ ವಿಷಯಗಳು ಸಂಜೆಯ ತನಕ ನಡೆದದ್ದೂ ಉಂಟು.

ಈಗ ನನಗೆ ವಯಸ್ಸಾಗಿದೆ. ಪುರಸಭೆಗೆ ಹೊಸ ಕಟ್ಟಡ ಬಂತು, ಪ್ರತಿಯೊಬ್ಬರ ಮುಂದೆ ಒಂದೊಂದು ಮೈಕು ಬಂತು. ನನ್ನ ಒಳಗಿನ ಸ್ಪ್ರಿಂಗು ಸಡಿಲವಾಗಿ, ಟಿಣ್ ಎನ್ನುವಾಗ ಸ್ವಲ್ಪ ಉಬ್ಬಸ. ಹಳೆ ಸಾಮಾನಿನ ರಾಶಿಗೆ ನನ್ನನ್ನು ಹಾಕುವ ಹೊತ್ತಿಗೆ ಮಕ್ತುಮಸಾಬ ನಿವೃತ್ತನಾಗುತ್ತಿದ್ದ. ಬೀಳ್ಕೊಡುಗೆಗೆ ಏನು ಬೇಕೆಂದು ಅಧ್ಯಕ್ಷರು ಕೇಳಿದರು. ಆಗ ಅಧ್ಯಕ್ಷರು ಯಾರಂತೀರಿ? ಗುತ್ತೆವ್ವ. ಅವನು ನನ್ನನ್ನೇ ಕೊಡಿ ಎಂದು ಕೇಳಿದ. ಅವಳು ಸೆರಗಿನಿಂದ ನನ್ನನ್ನು ಒರೆಸಿ ಅವನ ಕೈಗಿಟ್ಟಳು. ಆ ಘಾಟು ಈಗಲೂ ನನ್ನ ಮೈಮೇಲಿದೆ ಎಂದು ನನ್ನ ಭಾವನೆ.

ಯಾರ್ಡಿನ ಹಿಂದಿನ ಆ ಓಣಿಯ ಬಾಯಿಯಲ್ಲಿ ಈಗ ಅವನದೊಂದು ಚಹಾ ಅಂಗಡಿ. ಮತ್ತೆ ನಾನು ಗಲ್ಲೆಯ ಮೇಲೆ. ವಾರಕ್ಕೊಮ್ಮೆ ನಸುಕಿನಲ್ಲಿ ನಳಗಳು ಸುಂಯ್ಯೆನ್ನುತ್ತವೆ, ಕೊಡಗಳು ತುಂಬುವ ಸದ್ದು ಓಣಿಯುದ್ದಕ್ಕೂ ಕೇಳುತ್ತದೆ. ನೀರು ತುಂಬಿಟ್ಟ ಹೆಂಗಸರು ಯಾರ್ಡಿಗೆ ಹೊರಡುವ ಮುಂಚೆ ಇಲ್ಲಿ ನಿಂತು ನನ್ನನ್ನು ಎರಡು ಸಲ ಬಾರಿಸುತ್ತಾರೆ. ಚಹಾ ಕುಡಿದು ಮಾತು ಶುರು ಮಾಡುತ್ತಾರೆ.

ಅವರ ಹಿಂದೆ ಹುಡುಗಿಯರು ಪುಸ್ತಕದ ಚೀಲ ಬೆನ್ನಿಗೆ ಹಾಕಿಕೊಂಡು ಸಾಲಿಗೆ ಹೊರಡುತ್ತಾರೆ. ಕಾಶವ್ವ ಈಗ ಅದೇ ಸಾಲಿಯ ಮಾಸ್ತರತಿ, ಅವರ ಜೊತೆಗೇ ಹೋಗುತ್ತಾಳೆ. ನೀರಿನ ದಿನವೂ ಹೋಗುತ್ತಾಳೆ. ಹೋಗುವಾಗ ಕೈ ಚಾಚಿ ನನ್ನನ್ನು ಒಂದೇ ಒಂದು ಸಲ ಬಾರಿಸುತ್ತಾಳೆ.

ಟಿಣ್. ಮಂಜೂರು.